ಕ್ಲಚ್ಚಿಲ್ಲದ ಬಾಳು

ನಾನು ಒಂದು ಕಾರು. ನನ್ನ ಬಣ್ಣ ಬೂದಿ. ಕಾರ್ಖಾನೆಯವರು ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟಿದ್ದರು, ನಾನೂ ಬಹಳ ವರ್ಷ ಹಾಗೆಂದೇ ನಂಬಿದ್ದೆ. ನಾನು ಹುಟ್ಟಿದ ದಿನ ನನ್ನ ಹಿಂದೆ ಮುಂದೆ ನಿಂತಿದ್ದ ಕಾರುಗಳಿಗೆಲ್ಲ ಮೂರು ಮೂರು ಪೆಡಲ್ ಜೋಡಿಸಿದರು. ನನಗೆ ಎರಡೇ. ಕ್ಲಚ್ ಇರಬೇಕಾದ ಜಾಗ ಖಾಲಿ. ಮರೆತೇಬಿಟ್ಟರಲ್ಲ ಎಂದು ನನಗೆ ದಿಗಿಲಾಯಿತು. ಆಮೇಲೆ ತಿಳಿಯಿತು, ನಾನು ತಾನಾಗಿಯೇ ಗೇರು ಬದಲಿಸಿಕೊಳ್ಳುವ ಜಾತಿ, ಆಟೊಮ್ಯಾಟಿಕ್. ಆ ಕಾಲಕ್ಕೆ ನಮ್ಮಂಥವರು ಊರಿಗೊಬ್ಬರು ಸಿಕ್ಕರೆ ಹೆಚ್ಚು.

ನನ್ನನ್ನು ಮೊದಲು ಕೊಂಡವರು ಬೆಳಗಾವಿಯ ವಾಮನರಾಯರು, ನಿವೃತ್ತ ಇಂಜಿನಿಯರ್. ಮೂವತ್ತು ವರ್ಷ ಸರಕಾರಿ ಜೀಪು ಓಡಿಸಿದ ಅವರ ಎಡಗಾಲಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಇಲ್ಲದ ಕ್ಲಚ್ ತುಳಿಯಲು ಹೋಗಿ ನನ್ನ ಅಗಲವಾದ ಬ್ರೇಕನ್ನು ಒದೆಯುತ್ತಿದ್ದರು. ನಾನು ಗಕ್ಕನೆ ನಿಲ್ಲುತ್ತಿದ್ದೆ. ಒಮ್ಮೆ ಹಾಗೆ ನಿಂತಾಗ ಅವರ ಹೆಂಡತಿಯ ಮಡಿಲಲ್ಲಿದ್ದ ಶ್ರೀಖಂಡದ ಡಬ್ಬಿ ಹಾರಿ ಗಾಜಿಗೆ ಬಡಿಯಿತು. “ಈ ಗಾಡಿಯೊಳಗ ಇನ್ನ ನಾ ಕೂಡೂದಿಲ್ಲ” ಎಂದು ಆಕೆ ಅಲ್ಲೇ ಇಳಿದು ರಿಕ್ಷಾ ಹತ್ತಿದರು. ನನ್ನನ್ನು ಮಾರಾಟಕ್ಕಿಟ್ಟರು. ಬಂದವರೆಲ್ಲ ನನ್ನ ಗೇರಿನ ಹಿಡಿ ನೋಡಿ ಮೂಗು ಮುರಿದು ಹೋದರು.

ಮೂಗು ಮುರಿಯದೆ ಬಂದವಳು ಒಬ್ಬಳೇ. ಹುಬ್ಬಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನೀಲಾಂಬಿಕಾ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಆಕೆಯ ಎಡಗಾಲು ಸೊರಗಿತ್ತು, ಮೊಣಕಾಲಿನವರೆಗೆ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಕ್ಲಚ್ ತುಳಿಯುವುದು ಆ ಕಾಲಿನಿಂದ ಆಗದ ಮಾತು. ಬಾಗಿಲು ತೆಗೆದು ನನ್ನ ಎರಡು ಪೆಡಲ್ ನೋಡಿದಳು. ಖಾಲಿ ಜಾಗದಲ್ಲಿ ಎಡಗಾಲನ್ನು ಮೆಲ್ಲನೆ ಇಟ್ಟು, “ಇದಕ್ಕೂ ಜಾಗ ಐತಲ್ಲಣ್ಣಾ” ಎಂದಳು. ಹುಟ್ಟಿದಾಗಿನಿಂದ ನನಗೆ ಕೊರತೆ ಎನಿಸಿದ್ದ ಜಾಗ ಅದು.

ಜೊತೆಗೆ ಬಂದಿದ್ದವನು ಅಣ್ಣ ಗುರುಪಾದಪ್ಪ. ಹಳೇ ಹುಬ್ಬಳ್ಳಿಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆ ಅಂಗಡಿ ಅವನದು. ತಂಗಿಯನ್ನು ಶಾಲೆಗೆ ಸೈಕಲ್ಲಿನ ಮೇಲೆ, ಕಾಲೇಜಿಗೆ ಸ್ಕೂಟರಿನ ಮೇಲೆ ಬಿಟ್ಟು ಬಂದವನು. ಮೂವತ್ತನಾಲ್ಕು ವರ್ಷ ಆಕೆ ಎಲ್ಲಿಗೆ ಹೋಗಬೇಕೆಂದರೂ ಅವನ ಬಿಡುವು ಕೇಳಬೇಕಿತ್ತು. ಅವನು ಒಂದು ದಿನವೂ ಬೇಸರಿಸಿದವನಲ್ಲ. ಬೇಸರವೇನಿದ್ದರೂ ಕೇಳುವವಳಿಗೆ.

ಓಡಿಸಲು ಕಲಿತ ಮೇಲೆ ಆಕೆ ಒಬ್ಬಳೇ ಮೊದಲು ಹೋದದ್ದು ಉಣಕಲ್ ಕೆರೆಗೆ. ಅಲ್ಲಿ ಆಕೆಗೆ ಯಾವ ಕೆಲಸವೂ ಇರಲಿಲ್ಲ. ಏರಿಯ ಬಳಿ ನನ್ನನ್ನು ನಿಲ್ಲಿಸಿ, ಗಿರ್ಮಿಟ್ ಕಟ್ಟಿಸಿಕೊಂಡು ತಿಂದು, ಕೈ ಒರೆಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಸಂತೋಷಕ್ಕೂ ಜನ ಅಳುತ್ತಾರೆಂದು ನನಗೆ ಅಂದು ಗೊತ್ತಾಯಿತು. ಆ ಗಿರ್ಮಿಟ್ಟಿನ ಎರಡು ಕಾಳು ಚುರಮುರಿ ಇವತ್ತಿಗೂ ನನ್ನ ಸೀಟಿನ ಸಂದಿಯಲ್ಲಿವೆ.

ಪ್ರತಿ ಆಯುಧಪೂಜೆಗೆ ಗುರುಪಾದಪ್ಪ ಅಂಗಡಿಯ ತಕ್ಕಡಿಗಿಂತ ಮೊದಲು ನನ್ನನ್ನು ಪೂಜಿಸುತ್ತಿದ್ದ. ಚೆಂಡುಹೂವಿನ ಮಾಲೆ, ಚಕ್ರಕ್ಕೆ ನಿಂಬೆಹಣ್ಣು. ಕಡೆಗೆ ಬಾನೆಟ್ ಎತ್ತಿ, ಕಾಯಿ ಒಡೆದು, ಅದರ ನೀರನ್ನು ತಾಮ್ರದ ಬಟ್ಟಲಲ್ಲಿ ಹಿಡಿದು ಎಂಜಿನ್ ಮೇಲೆ ಸುರಿಯುತ್ತಿದ್ದ. “ತಂಪಿರಪ್ಪಾ, ನಮ್ಮ ನೀಲಾನ್ನ ನಡುದಾರಿಯೊಳಗ ಬಿಡಬ್ಯಾಡ” ಎಂದು ಕೈ ಮುಗಿಯುತ್ತಿದ್ದ. ಆ ನೀರು ನನ್ನ ಮೈಮೇಲೆ ತಣ್ಣಗೆ ಇಳಿಯುವಾಗ ನಾನು ಉಬ್ಬಿಹೋಗುತ್ತಿದ್ದೆ. ಇಂಥ ಮನೆ ಸಿಕ್ಕಿತಲ್ಲ ಎಂದು.

ಆ ಮನೆಗೆ ಬಂದ ಏಳನೆಯ ವರ್ಷದ ಮಳೆಗಾಲದಲ್ಲಿ ನನಗೆ ಆ ಕಾಯಿಲೆ ಶುರುವಾಯಿತು. ಹಿಡಿಯನ್ನು ಡ್ರೈವ್ ಎಂಬ ‘ಡಿ’ಗೆ ಹಾಕಿದರೆ ನಾನು ಮುಂದೆ ಹೋಗಬೇಕು. ಒಂದು ಬೆಳಗ್ಗೆ ಹೋಗಲಿಲ್ಲ. ಎಂಜಿನ್ ಕೂಗುತ್ತಿತ್ತು, ಚಕ್ರ ಕದಲುತ್ತಿರಲಿಲ್ಲ. ಅರ್ಧ ತಾಸಿನ ಮೇಲೆ ತಾನಾಗಿಯೇ ಸರಿಹೋಯಿತು. ಮತ್ತೆ ಹತ್ತು ದಿನ ಏನೂ ಇಲ್ಲ. ಆಮೇಲೆ ಇನ್ನೊಮ್ಮೆ. ನೋವೆಲ್ಲಿದೆ ಎಂದು ನನಗೆ ಗೊತ್ತಿತ್ತು, ಬ್ಯಾಟರಿಯ ಕೆಳಗೆ, ಗೇರ್ ಪೆಟ್ಟಿಗೆಗೆ ಹೋಗುವ ತಂತಿಗಳ ಗಂಟಿನಲ್ಲಿ. ಹೇಳಲು ಬಾಯಿಲ್ಲ, ಇರುವುದು ಹಾರ್ನ್ ಒಂದೇ.

ಊರಿನ ದೊಡ್ಡದೊಂದು ಗ್ಯಾರೇಜಿನವರು ಆಯಿಲ್ ಬದಲಿಸಿದರು. ನಾನು ಮತ್ತೆ ನಿಂತೆ. ಗೇರ್ ಪೆಟ್ಟಿಗೆಯನ್ನೇ ಬದಲಿಸಬೇಕು ಎಂದು ಹೇಳಿ ಕೈ ತೊಳೆದುಕೊಂಡರು. ಕೊನೆಗೆ ನೀಲಾಂಬಿಕಾ ಸಂಜೆ ಕಾಲೇಜು ಬಿಟ್ಟ ಮೇಲೆ ದಾವಲಸಾಬನ ಸಣ್ಣ ಗ್ಯಾರೇಜಿಗೆ ಬರತೊಡಗಿದಳು. ನಾಲ್ಕು ಸಲ ಬಂದಳು. ನಾಲ್ಕು ಸಲವೂ ನಾನು ಚಂದವಾಗಿ ಓಡಿದೆ.

“ಅಕ್ಕಾರ, ನಿಮ್ಮ ಗಾಡಿಗಿ ನನ್ನ ಕಂಡ್ರ ಅಂಜಿಕಿ,” ಎಂದ ದಾವಲಸಾಬ. “ನನ್ನ ಮುಂದ ಬಂದ್ರ ಸಾಲಿ ಹುಡುಗರಗತೆ ಸುಮ್ಮನ ಕುಂದರತೈತಿ. ಕೆಟ್ಟದ್ದು ಕಾಣದ ನಾ ಏನ್ ರಿಪೇರಿ ಮಾಡ್ಲಿ?”

ಆಮೇಲೆ ಬಂತು ಆ ಸೋಮವಾರ. ಹೊಸೂರು ಸರ್ಕಲ್ಲಿನ ನಟ್ಟನಡುವೆ, ಬೆಳಗ್ಗೆ ಎಂಟೂವರೆಗೆ, ಸಿಗ್ನಲ್ ಹಸಿರಾದರೂ ನಾನು ಕದಲಲಿಲ್ಲ. ಹಿಂದೆ ಎರಡು ಬಸ್ಸು, ಲೆಕ್ಕವಿಲ್ಲದಷ್ಟು ಹಾರ್ನು. “ಇಳದು ನೂಕರಿ ಬಾಯಾರ!” ಎಂದು ಯಾರೋ ಕೂಗಿದರು. ಆಕೆ ಇಳಿದಳು, ಕಾಲಿನ ಪಟ್ಟಿ ಎಲ್ಲರಿಗೂ ಕಂಡಿತು, ಕೂಗಿದವನ ಮುಖ ಸಣ್ಣದಾಯಿತು. ಜನ ಸೇರಿ ನನ್ನನ್ನು ಬದಿಗೆ ನೂಕಿದರು. ನನಗಾದ ಅವಮಾನ ಹೋಗಲಿ, ಆಕೆಗಾದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುರುಪಾದಪ್ಪ ಸ್ಕೂಟರಿನಲ್ಲಿ ಓಡಿ ಬಂದ. “ಸಾಕವ್ವಾ, ಮಾರಿಬಿಡು ಇದನ್ನ. ಗಿರಾಕಿ ನಾ ಹುಡುಕ್ತೀನಿ. ನಾ ಇನ್ನೂ ಗಟ್ಟಿ ಅದೀನಿ, ಎಲ್ಲಿ ಅಂದ್ರ ಅಲ್ಲಿ ಬಿಟ್ಟು ಬರ್ತೀನಿ.”

“ನೀ ಬಿಟ್ಟು ಬರ್ತೀ ಅಣ್ಣಾ, ನನಗ ಗೊತ್ತೈತಿ,” ಎಂದಳು ನೀಲಾಂಬಿಕಾ. “ಆದ್ರ ನನಗ ನಾನ ಹೋಗೂದು ರೂಢಿ ಆಗೈತಿ. ದಸರಾ ತನಕ ಟೈಮ್ ಕೊಡು. ಅಷ್ಟರಾಗ ಇದರ ರೋಗ ಸಿಗಲಿಲ್ಲಂದ್ರ ಮಾರ್ತೀನಿ.”

ಕ್ಲಚ್ಚಿಲ್ಲದ ಇನ್ನೊಂದು ಕಾರು ಆಗ ಸುತ್ತ ನಾಲ್ಕು ಊರಲ್ಲೂ ಸಿಗುತ್ತಿರಲಿಲ್ಲ. ನಾನು ಹೋದರೆ ಆಕೆಯ ಉಣಕಲ್ ಕೆರೆಯೂ ಹೋದಂತೆ. ದಸರೆಗೆ ಉಳಿದದ್ದು ಇಪ್ಪತ್ತೆರಡು ದಿನ.

ಅಂದಿನಿಂದ ಆಕೆ ಪ್ರಯೋಗಶಾಲೆಯ ನೋಟುಪುಸ್ತಕವೊಂದನ್ನು ನನ್ನ ಡ್ಯಾಶ್‌ಬೋರ್ಡಿನಲ್ಲಿಟ್ಟಳು. ನಾನು ನಿಂತಾಗಲೆಲ್ಲ ದಿನ, ಹೊತ್ತು, ಹವೆ ಬರೆಯುವಳು. ಹಿಂದಿನವನ್ನೂ ನೆನಪಿಸಿಕೊಂಡು ಬರೆದಳು. ಒಂದು ಸಂಜೆ ಅದನ್ನು ಓದುತ್ತಾ ತಟ್ಟನೆ ನೆಟ್ಟಗೆ ಕುಳಿತಳು. ಕೆಟ್ಟದ್ದೆಲ್ಲ ಬೆಳಗಿನ ತಂಡಿಯಲ್ಲಿ, ಇಲ್ಲವೇ ಮೈ ತೊಳೆದ ಮೇಲೆ. ದಾವಲಸಾಬನ ಹತ್ತಿರ ಹೋಗಿದ್ದು ಪ್ರತಿ ಸಲವೂ ಸಂಜೆ ನಾಲ್ಕಕ್ಕೆ, ಬಿಸಿಲಿಗೆ ನನ್ನ ಮೈಯೆಲ್ಲ ಒಣಗಿದ ಮೇಲೆ.

ಕೂಡಲೇ ಫೋನು ಮಾಡಿದಳು. “ದಾವಲಸಾಬ್ರ, ನಾಳಿ ಮುಂಜಾನೆ ಏಳಕ್ಕ ಮನೀಗೆ ಬರ್ತೀರೇನು? ರೋಗಿ ಮಲಗಿದ್ದಲ್ಲೇ ನೋಡ್ರಿ.”

ಮರುದಿನ ಜಿಟಿಜಿಟಿ ಮಳೆ. ದಾವಲಸಾಬ ಗೋಣಿಚೀಲ ಹೊದ್ದು ಬಂದ. ನೀಲಾಂಬಿಕಾ ಕೀಲಿ ತಿರುಗಿಸಿ ಡಿಗೆ ಹಾಕಿದಳು. ನಾನು ಕೂಗಿದೆ, ಕದಲಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೆಟ್ಟು ನಿಂತದ್ದಕ್ಕೆ ನನಗೆ ಅಷ್ಟು ಖುಷಿಯಾದದ್ದು ಅದೊಂದೇ ದಿನ.

“ಸಿಕ್ಕನಲ್ಲ ಕಳ್ಳ!” ಎಂದು ದಾವಲಸಾಬ ಬಾನೆಟ್ ಎತ್ತಿದ. “ಅಕ್ಕಾರ, ಬ್ರೇಕಿನ ಮ್ಯಾಲಿಂದ ಕಾಲ್ ತಗೀಬ್ಯಾಡ್ರಿ.” ಒಂದೊಂದೇ ತಂತಿ ಅಲುಗಾಡಿಸುತ್ತ ಬಂದ. ಬ್ಯಾಟರಿ ಕೆಳಗಿನ ಗಂಟಿಗೆ ಕೈ ತಾಗಿದ್ದೇ ಖಟ್ಟೆಂದು ಗೇರು ಬಿತ್ತು. ಬಿಟ್ಟರೆ ಹೋಯಿತು, ಹಿಡಿದರೆ ಬಂತು. ಎಂಜಿನ್ ಆರಿಸಿ ಆ ಗಂಟನ್ನು ಬಿಚ್ಚಿದ. ಅದರ ರಬ್ಬರು ಸೀಳಿತ್ತು. ಒಳಗೆಲ್ಲ ಹಸಿರು ಪುಡಿ.

ಅಷ್ಟರಲ್ಲಿ ಗುರುಪಾದಪ್ಪ ಬಂದ. ಭಾನುವಾರ ಗಿರಾಕಿ ಬರುತ್ತಾನೆಂದು ಹೇಳಲು ಬಂದವನು, ದಾವಲಸಾಬನ ಅಂಗೈ ನೋಡಿ ಅದನ್ನು ಮರೆತ. ತಾಮ್ರದ ಜೊತೆ ಬೆಳೆದ ಮನುಷ್ಯ. ಕನ್ನಡಕ ಏರಿಸಿ, “ಇದು ಕಿಲುಬು,” ಎಂದ. “ತಾಮ್ರಕ್ಕ ಎಂಥದೋ ಉಪ್ಪುಸಿಹಿ ನೀರು ಹತ್ತೈತಿ. ಒಂದ ಎರಡ ಸಲ ಅಲ್ಲ, ವರ್ಷಗಟ್ಟಲೆ. ಯಾವ ಮಂಗ್ಯಾ ಹಾಕಿದ್ದು ಇದರಾಗ?”

ದಾವಲಸಾಬ ಬ್ಯಾಟರಿಯ ತಟ್ಟೆಯಿಂದ ಏನನ್ನೋ ಎತ್ತಿ ಅವನ ಕೈಯಲ್ಲಿಟ್ಟ. ಕುಂಕುಮ ಹತ್ತಿದ ಒಂದೆಳೆ ತೆಂಗಿನ ನಾರು.

ಗುರುಪಾದಪ್ಪ ಅದನ್ನು ನೋಡುತ್ತಾ ನಿಂತ. ಮಳೆಯಲ್ಲಿ ತೋಯುತ್ತಿದ್ದೇನೆಂಬ ಎಚ್ಚರವೂ ಅವನಿಗಿರಲಿಲ್ಲ. “ತಂಪಿರಲಿ ಅಂತ ಹಾಕಿದ್ನವ್ವಾ,” ಎಂದ ಕಡೆಗೆ. “ನಡುದಾರಿಯೊಳಗ ಬಿಡಬ್ಯಾಡ ಅಂತ ಬೇಡಿಕೊಂಡಾಂವ ನಾ. ಬಿಡಿಸಿದಾಂವನೂ ನಾನ ಆದ್ನಲ್ಲ.”

ನೀಲಾಂಬಿಕಾ ಅವನ ಕೈಯಿಂದ ನಾರು ತೆಗೆದುಕೊಂಡಳು. “ನಾ ಹದಿನೇಳು ವರ್ಷ ತಾಮ್ರ ಹೆಂಗ ಕಿಲುಬತೈತಿ ಅಂತ ಹುಡುಗರಿಗೆ ಪಾಠ ಹೇಳೀನಿ ಅಣ್ಣಾ. ನೀ ಸುರೀವಾಗ ಬಾಜೂಕ ನಿಂತು ಕೈ ಮುಗೀತಿದ್ದಾಕಿ ನಾನ. ನನಗರ ಎಲ್ಲಿ ಹೊಳೀತು?”

ಗುರುಪಾದಪ್ಪ ಹುಣಸೆಹಣ್ಣು ತಂದು ತಿಕ್ಕುತ್ತೇನೆಂದು ಹೊರಟ. ಅಣ್ಣನನ್ನು ತಡೆಯಲು ಇಬ್ಬರಿಗೂ ಸಾಕುಸಾಕಾಯಿತು. ದಾವಲಸಾಬ ಆ ಗಂಟನ್ನು ಕತ್ತರಿಸಿ ಹೊಸದು ಹಾಕಿದ. ಭಾನುವಾರದ ಗಿರಾಕಿಗೆ ಗುರುಪಾದಪ್ಪನೇ ಫೋನು ಮಾಡಿ, ಗಾಡಿ ಕೊಡುವುದಿಲ್ಲ ಎಂದ.

ಆ ವರ್ಷದ ಪೂಜೆಯಲ್ಲಿ ಕಾಯಿ ಒಡೆದ ಮೇಲೆ ಅವನು ಬಟ್ಟಲು ಹಿಡಿದು ಎಲ್ಲಿ ಹಾಕಲೆಂದು ತಿಳಿಯದೆ ನಿಂತ. ನೀಲಾಂಬಿಕಾ ಅದನ್ನು ತೆಗೆದುಕೊಂಡು ಗಟಗಟ ಕುಡಿದಳು. ಮುಂದಿನ ಪ್ರತಿ ವರ್ಷವೂ ಅದೇ ರೂಢಿಯಾಯಿತು. ನನ್ನ ಪಾಲು ಆಕೆಗೆ. ಹದಿಮೂರು ವರ್ಷ ನಾನು ಒಮ್ಮೆಯೂ ಆಕೆಯನ್ನು ನಡುದಾರಿಯಲ್ಲಿ ಬಿಡಲಿಲ್ಲ. ಕೊನೆಕೊನೆಗೆ ಪಕ್ಕದ ಸೀಟಿನಲ್ಲಿ ಗುರುಪಾದಪ್ಪನಿರುತ್ತಿದ್ದ, ಮಂಡಿನೋವಿನವನು, ಕೈಯಲ್ಲಿ ಕೋಲು. ಅಂಗಡಿಗೆ ಅವನನ್ನು ಆಕೆಯೇ ಬಿಟ್ಟು ಬರುತ್ತಿದ್ದಳು.

ಈಗ ನಾನು ಅಂಗಳದ ಪೇರಲಮರದ ಕೆಳಗೆ ನಿಂತಿದ್ದೇನೆ. ತಳ ತುಕ್ಕು ಹಿಡಿದಿದೆ, ಬ್ಯಾಟರಿ ತೆಗೆದಿದ್ದಾರೆ, ರಸ್ತೆಗಿಳಿಯುವ ಕಾಗದವೂ ಮುಗಿದಿದೆ. ಗೇಟಿನ ಬಳಿ ಹೊಸ ಕಾರಿದೆ. ಅದಕ್ಕೂ ಎರಡೇ ಪೆಡಲ್, ಈಗ ಊರ ತುಂಬ ಅಂಥವೇ. ನಾಡಿದ್ದು ಗುಜರಿಯವರು ನನ್ನನ್ನು ಒಯ್ಯಲು ಬರುತ್ತಾರೆ.

ಇವತ್ತು ಆಯುಧಪೂಜೆ. ಗುರುಪಾದಪ್ಪ ಹೊಸ ಕಾರಿನ ಮುಂದೆ ಕಾಯಿ ಒಡೆದು ರೂಢಿಯಂತೆ ಬಟ್ಟಲನ್ನು ತಂಗಿಗೆ ಕೊಟ್ಟ. ಆಕೆ ಎರಡು ಗುಟುಕು ಕುಡಿದು ನಿಲ್ಲಿಸಿದಳು. ಕಾಲೆಳೆಯುತ್ತ ನನ್ನ ಬಳಿ ಬಂದು ಬಾನೆಟ್ ಎತ್ತಿದಳು.

“ಅಣ್ಣಾ, ಬಾ ಇಲ್ಲಿ. ಇದಕ್ಕ ಇನ್ನ ಹಾಕಬಹುದು.”

ಅವನು ಕೋಲೂರಿ ಬಂದ. ಒಂದು ಕೈಯಲ್ಲಿ ಕೋಲು, ಬಟ್ಟಲು ಹಿಡಿಯಲು ಆಕೆ ತನ್ನ ಕೈಯನ್ನೂ ಕೊಟ್ಟಳು. ಹದಿನಾಲ್ಕು ವರ್ಷದ ಮೇಲೆ ಆ ನೀರು ನನ್ನ ಮೈಮೇಲೆ ಇಳಿಯಿತು. ಹಳೆಯ ದಾರಿಯಲ್ಲೇ ಇಳಿಯಿತು, ಬ್ಯಾಟರಿಯ ಖಾಲಿ ತಟ್ಟೆ ದಾಟಿ, ತಂತಿಗಳ ಗಂಟಿನ ಮೇಲೆ.

“ತಂಪಿರಪ್ಪಾ,” ಎಂದ ಗುರುಪಾದಪ್ಪ.

ತಂಪಾಗಿದ್ದೇನೆ.