ಏಳು ಚುಕ್ಕಿ ಎಂಬತ್ತಾರು

ಅಕ್ಕಿ ಗಿರಣಿಯಲ್ಲಿ ಪಾಲುದಾರರಾಗಿ ಹತ್ತು ವರ್ಷ ಜಗಳವಾಡಿದ್ದು ಸಾಲದೆಂದು ಪಂಪಣ್ಣ, ದಾವಲ್‌ಸಾಬ್ ಇಬ್ಬರೂ ೧೯೯೯ರಲ್ಲಿ ಸಿಂಧನೂರಿನ ಬಸ್‌ಸ್ಟ್ಯಾಂಡ್ ಎದುರು ಇಂಟರ್‌ನೆಟ್ ಅಂಗಡಿ ತೆರೆಯಲು ಹೊರಟರು. ಕಂಪ್ಯೂಟರ್ ಎರಡು, ಫೋನ್ ಲೈನ್ ಒಂದು. ಆ ಒಂದನ್ನು ಎರಡಕ್ಕೂ ಹಂಚಲು ಹೈದರಾಬಾದಿನಿಂದ ರೌಟರ್ ಬಂತು. ಜೋಡಿಸಬೇಕಾದ ಇಂಜಿನಿಯರ್ ಬರಲಿಲ್ಲ. ಕೆಲಸ ಟೈಪಿಂಗ್ ಕಲಿಸುತ್ತಿದ್ದ ಗದ್ದೆಮ್ಮನ ಕೊರಳಿಗೆ ಬಿತ್ತು.

ಎರಡು ದಿನ ಇಂಗ್ಲಿಷ್ ಪುಸ್ತಕ ತಿರುವಿದ ಮೇಲೆ ಅವಳಿಗೆ ವಿಷಯ ತಲೆಗೆ ಹತ್ತಿತು. ಹೊರಲೋಕಕ್ಕೆ ಇಂಟರ್‌ನೆಟ್ ಕಂಪನಿ ಕೊಟ್ಟ ನಂಬರಿನ ವಿಳಾಸ ಒಂದೇ. ಒಳಗಿನ ಯಂತ್ರಗಳಿಗೆ ಖಾಸಗಿ ನಂಬರನ್ನು ನಾವೇ ಕೊಟ್ಟುಕೊಳ್ಳಬೇಕು. ಒಳಗಿನದನ್ನು ಹೊರಗಿನದಾಗಿ ಬದಲಿಸಿ ಕಳಿಸುವುದು, ಬಂದ ಉತ್ತರವನ್ನು ಕೇಳಿದವರಿಗೇ ಮುಟ್ಟಿಸುವುದು ರೌಟರಿನ ಕೆಲಸ.

ಇದನ್ನು ಅವರಿಬ್ಬರ ಮುಂದೆ ಹೇಳಿದ್ದೇ ತಪ್ಪಾಯಿತು.

"ಹಂಗಾದ್ರ ನನ್ನ ಕಂಪ್ಯೂಟರಿಗೆ ನೂರಾ ಎಂಟು ಹಾಕವ್ವ," ಎಂದ ಪಂಪಣ್ಣ.

"ನನ್ನದಕ್ಕ ಬಿಸ್ಮಿಲ್ಲಾದ ಏಳುನೂರಾ ಎಂಬತ್ತಾರು," ಎಂದ ದಾವಲ್‌ಸಾಬ್.

"ಭಾಯಿ, ಇದರಾಗ ಇನ್ನೂರಾ ಐವತ್ನಾಕರ ಮ್ಯಾಗ ಹೋಗಾಕ ಬರಂಗಿಲ್ರಿ," ಎಂದಳು ಗದ್ದೆಮ್ಮ.

"ಅವನ ದೇವ್ರಿಗೆ ಜಾಗಾ ಐತಿ, ನಮ್ಮಾವ್ಗ ಇಲ್ಲೇನು? ಯಾವನು ಮಾಡ್ಯಾನ ಈ ಡಬ್ಬಿ?"

"ಡಬ್ಬಿಗೆ ಬುದ್ಧಿ ಐತಿ ಬಿಡಪಾ," ಎಂದು ಪಂಪಣ್ಣ ಮೀಸೆಯಡಿ ನಕ್ಕ. ದಾವಲ್‌ಸಾಬ್ ಟವೆಲ್ ಕೊಡವಿ ಎದ್ದೇಬಿಟ್ಟ.

ಇಬ್ಬರನ್ನೂ ಗಿರಣಿಯ ಹೊಟ್ಟಿನ ರಾಶಿಯಲ್ಲಿ ಹೂತುಬಿಡಬೇಕೆನಿಸಿತು ಗದ್ದೆಮ್ಮನಿಗೆ. ಆದರೂ ಇನ್ನೊಮ್ಮೆ ನೋಡಿದಳು. ವಿಳಾಸಕ್ಕೆ ನಾಲ್ಕು ತುಂಡು. ಮೊದಲಿನ ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು ಮುಟ್ಟುವಂತಿಲ್ಲ. ಮೂರನೆಯದಕ್ಕೆ ಏಳು, ಕೊನೆಯದಕ್ಕೆ ಎಂಬತ್ತಾರು ಒತ್ತಿದಳು.

"ಏಳು, ನಡುವ ಒಂದು ಚುಕ್ಕಿ, ಎಂಬತ್ತಾರು. ಆತಿಲ್ರಿ ಭಾಯಿ?"

"ಶಾಬಾಸ್ ಬೇಟಿ!" ಎಂದು ದಾವಲ್‌ಸಾಬ್ ಮತ್ತೆ ಕುಳಿತ.

ಆದರೆ ಆ ಏಳು ಎರಡೂ ಯಂತ್ರಕ್ಕೆ ಒಂದೇ ಇರಬೇಕಲ್ಲ. "ಅವನ ಏಳು ನನ್ನ ನೂರಾ ಎಂಟರ ಮುಂದ ಯಾಕ ಕುಂತೈತಿ?" ಎಂದು ಪಂಪಣ್ಣ ಕೆರಳಿದ.

"ಏಳು ಗುಡ್ಡದ ತಿಮ್ಮಪ್ಪಂದು ಅನಕೋರಿ."

ಪಂಪಣ್ಣ ತಕ್ಷಣ ಪರದೆಗೆ ಕೈಮುಗಿದ.

ಆದರೂ ಇಂಟರ್‌ನೆಟ್ ತೆರೆಯಲಿಲ್ಲ. ಯಾರ ನಂಬರ್ ಅಪಶಕುನವೆಂದು ಅವರು ವಾದಕ್ಕಿಳಿಯುವಷ್ಟರಲ್ಲಿ ಗದ್ದೆಮ್ಮ ನಾಲಿಗೆ ಕಚ್ಚಿಕೊಂಡಳು; ಒಳಗಿನ ವಿಳಾಸವನ್ನು ಹೊರಗಿನದಾಗಿ ಬದಲಿಸೆಂದು ರೌಟರಿಗೆ ಹೇಳುವುದನ್ನೇ ಮರೆತಿದ್ದಳು. ಅದೊಂದು ಸಾಲು ಬರೆದದ್ದೇ ತಡ, ಎರಡೂ ಪರದೆಯಲ್ಲಿ ಒಟ್ಟಿಗೆ ಇಂಟರ್‌ನೆಟ್ ತೆರೆದುಕೊಂಡಿತು.

"ಹೊರಗ ಮೊದಲು ಯಾರ ನಂಬರ್ ಕಾಣ್ತೈತಿ?" ಎಂದ ದಾವಲ್‌ಸಾಬ್.

"ಇಬ್ಬರದೂ ಕಾಣಂಗಿಲ್ರಿ. ಕಂಪನಿದು ಒಂದ."

ಇಬ್ಬರೂ ಮುಖ ಮುಖ ನೋಡಿಕೊಂಡು, ಒಂದೇ ದನಿಯಲ್ಲಿ ಕಂಪನಿಯ ವಂಶವನ್ನೆಲ್ಲ ಬೈಯತೊಡಗಿದರು. ಗದ್ದೆಮ್ಮ ಚಪ್ಪಲಿ ಮೆಟ್ಟಿ ಚಹಾ ಕುಡಿಯಲು ಹೋದಳು.