ಓಗೊಡದ ಪೊದೆ

ದಾರಿ ಇದ್ದಷ್ಟೇ ಕಾಲು ಚಾಚಬೇಕು ಅಂತ ಹಿರಿಯರು ಹೇಳಿದ್ದಾರೆ. ಹಾಸಿಗೆ ಅಂದವರು ಬೇರೆ ಹಿರಿಯರು. ಅವರು ಮಲಗಿದ್ದರು, ನಮ್ಮವರು ನಡೆಯುತ್ತಿದ್ದರು. ಇದಂತೂ ನಡೆದ ಕಥೆ, ಅದೂ ಗುಡ್ಡ ಹತ್ತಿ ನಡೆದ ಕಥೆ. ಸುಳ್ಳು ಅನ್ನುವವರು ಇವತ್ತೂ ಗೂಳಿಗುಡ್ಡಕ್ಕೆ ಹೋಗಿ ನೋಡಬಹುದು. ಬಾಯಿ ಮುಚ್ಚಿಕೊಂಡು ಮಾತ್ರ ಹೋಗಬಾರದು.

ಎರಡು ಸಾವಿರದ ಆರನೇ ಇಸವಿ. ದುರ್ಗದ ಜನಕ್ಕೆ ಸಕ್ಕರೆ ಕಾಯಿಲೆ ಹೆಚ್ಚಿದೆ, ವಾಯುವಿಹಾರಕ್ಕೆ ದಾರಿಗಳು ಬೇಕು ಎಂದು ನಗರಸಭೆಯವರು ನಿರ್ಧರಿಸಿದರು. ಊರ ಸುತ್ತ ಇರುವುದೇ ಗುಡ್ಡ. ಆದರೂ ಎಲ್ಲಿ ಕಾಲಿಡಬೇಕು ಎಂದು ಹೇಳುವವರು ಹೊರಗಿನಿಂದ ಬಂದರೇ ಗೌರವ. ಹಾಗೆ ಬೆಂಗಳೂರಿನ ಸಲಹೆಗಾರರು ಬಂದರು. ಅವರಲ್ಲಿ ಸುಷ್ಮಿತಾ ಎಂಬ ಹುಡುಗಿ ಊರ ನಕ್ಷೆಯ ಮೇಲೆ ಹಸಿರು ಗೆರೆಗಳನ್ನೆಳೆದಳು. ಒಂದು ಗೆರೆ ಗೂಳಿಗುಡ್ಡದ ಸೀತಾಫಲದ ಪೊದೆಗಳ ನಡುವೆ ನುಗ್ಗಿ ಹೋಯಿತು.

ಅದನ್ನು ನೋಡಿದ್ದೇ ಕಿರಿಯ ಎಂಜಿನಿಯರ್ ಲಕ್ಷ್ಮೀಕಾಂತನ ನಾಲಿಗೆ ಒಣಗಿತು. ಅವನ ಅಪ್ಪ ಓಬಯ್ಯನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣನ್ನು ಅದೇ ಪೊದೆಗಳಲ್ಲಿ ಕರಡಿ ಕಿತ್ತುಕೊಂಡಿತ್ತು. ಅಪ್ಪನ ಸೀಳಿದ ತುಟಿಯಿಂದ ಸಾರು ಸೋರುವುದನ್ನು ನೋಡುತ್ತಲೇ ಉಂಡು ಬೆಳೆದವನು ಅವನು.

"ಮೇಡಂ, ಈ ಗೆರೆ ಚೂರು ಆಕಡೆ ಸರಿಸಬಹುದಾ?"

"ಯಾಕೆ? ನೆರಳಿದೆ, ಹಣ್ಣಿದೆ, ಮೇಲೆ ಹೋದ್ರೆ ಊರೆಲ್ಲ ಕಾಣತ್ತೆ. ಶಾಲೆ ಮಕ್ಕಳನ್ನೂ ಕರ್ಕೊಂಡು ಹೋಗಬಹುದು."

"ಅಲ್ಲಿ ಯಜಮಾನ್ರು ಓಡಾಡ್ತಾರೆ."

ಗುಡ್ಡದ ಬುಡದವರು ಕರಡಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಬಂದುಬಿಟ್ಟೀತು ಎಂಬ ಭಯ. ಯೋಜನೆಯ ಫೋಟೋ ತೆಗೆಯಲು ಗೊತ್ತುಮಾಡಿದ್ದ ಬಬ್ಬೂರಿನ ಮಾರುತೇಶನಿಗೆ ಆ ಭಯವಿರಲಿಲ್ಲ. ಪ್ರೆಶರ್ ಕುಕ್ಕರಿನಿಂದ ಹಿಡಿದು ಪೌರಾಯುಕ್ತರ ಕೆಮ್ಮಿನವರೆಗೆ ಎಲ್ಲವನ್ನೂ ಅನುಕರಿಸುವವನು ಅವನು.

"ಏನ್ರೀ ಎಂಜಿನಿಯರ್ರೇ," ಎಂದ, "ಇದು ಬರೀ ಕರಡು ನಕ್ಷೆ ಕಣ್ರೀ, ಕರಡಿ ನಕ್ಷೆ ಅಲ್ಲ." ಆಮೇಲೆ ಗಂಟಲೊಳಗಿಂದ ಅದೇನೋ ಗುರುಗುಟ್ಟಿದ. ಕಚೇರಿಯೆಲ್ಲ ನಕ್ಕಿತು. ಲಕ್ಷ್ಮೀಕಾಂತನ ಕೈಯಲ್ಲಿದ್ದ ಟೀ ಚೆಲ್ಲಿತು.

ದಾರಿ ನಡೆದು ನೋಡಿ, ಸುರಕ್ಷಿತವಾಗಿದೆ ಎಂದು ಸಹಿ ಹಾಕಬೇಕಾದವನು ಅವನೇ. ಹಾಕಿದರೆ ಮಕ್ಕಳು ಆ ಪೊದೆಗಳ ನಡುವೆ ಓಡಾಡುತ್ತವೆ. ಹಾಕದಿದ್ದರೆ ರಿಟೈರಾಗುವವರೆಗೂ ಕಚೇರಿಯಲ್ಲಿ ಅವನ ಹೆಸರು ಪುಕ್ಕಲ. ಮರುದಿನ ಬೆಳಗ್ಗೆ ಸುಷ್ಮಿತಾಳ ಜೊತೆ ಹೊರಟು, ಕಾಲುಗಳನ್ನು ತಾನೇ ಗದರಿಸಿ ಗುಡ್ಡ ಹತ್ತಿಸಿದ.

"ನೀವಿಬ್ರೂ ಹತ್ತಿ ಬರೋದನ್ನ ಮೇಲಿಂದ ತೆಗೀತೀನಿ," ಎಂದು ಮಾರುತೇಶ ಕ್ಯಾಮೆರಾ ನೇತುಹಾಕಿಕೊಂಡು ಮೊದಲೇ ಹೋಗಿದ್ದ.

ಪೊದೆಗಳು ಶುರುವಾಗುವ ಬಂಡೆಯ ಹತ್ತಿರ ಲಕ್ಷ್ಮೀಕಾಂತ ನಿಂತ. "ಕೂಗಬೇಕು ಮೇಡಂ. ಕೂಗದೆ ಯಾರೂ ಒಳಗೆ ಹೋಗಲ್ಲ."

ಹಣ್ಣು ಕೀಳುವವರ ಕಟ್ಟಳೆ ಅದು. ಹೊರಗಿನವರು ಕೂಗಬೇಕು, ಒಳಗಿದ್ದವರು ಓಗೊಡಬೇಕು. ಏಳು ವರ್ಷ ಮಾತು ಬಿಟ್ಟ ವಾರಗಿತ್ತಿಯರೂ ಪೊದೆಯೊಳಗೆ ಓಗೊಡುತ್ತಾರೆ. ಯಾರೂ ಓಗೊಡಲಿಲ್ಲ ಅಂದರೆ ಒಳಗೆ ಯಾರೂ ಇಲ್ಲ ಎಂದು ಲೆಕ್ಕ. ಯಾರೂ ಇಲ್ಲದ ಪೊದೆ ಅಲ್ಲಾಡಿದರೆ ಇನ್ನೊಂದು ಲೆಕ್ಕ.

"ಯಾರಪ್ಪಾ ಒಳಗೆ?"

ಉತ್ತರ ಬರಲಿಲ್ಲ. ಗಾಳಿಯೂ ಇರಲಿಲ್ಲ. ಎದುರಿನ ಪೊದೆ ಮಾತ್ರ ಅಲ್ಲಾಡಿತು.

"ಯಾರಿದೀರಪ್ಪಾ?" ಈ ಸಲ ದನಿ ಅರ್ಧಕ್ಕೇ ಬಿತ್ತು.

ಒಳಗಿನಿಂದ ಹುಫ್ ಎಂದು ಉಸಿರು ಬಿಟ್ಟ ಸದ್ದು. ಆಮೇಲೆ ಗುಡುಗುಡು ಹುಕ್ಕಾ ಎಳೆದ ಹಾಗೆ ಒಂದು ಗುರುಗುಟ್ಟುವಿಕೆ. ಅಪ್ಪ ಜ್ವರ ಬಂದಾಗಲೆಲ್ಲ ಕನವರಿಸುತ್ತ ಮಾಡುತ್ತಿದ್ದ ಸದ್ದು ಅದೇ. ಓಡು ಅಂದಿತು ಲಕ್ಷ್ಮೀಕಾಂತನ ಜೀವ. ಹಿಂದೆ ಸುಷ್ಮಿತಾ ಇದ್ದಳು. ಅವಳನ್ನು ದಾಟದೆ ಓಡಲು ದಾರಿ ಇರಲಿಲ್ಲ, ಬಿಟ್ಟು ಓಡಲು ಮುಖವಿರಲಿಲ್ಲ. ಅವಳನ್ನು ಬಂಡೆಗೆ ಒತ್ತಿ ನಿಲ್ಲಿಸಿ, ತಾನು ಅಡ್ಡ ನಿಂತ. ಒಂದು ಕೈ ತಾನಾಗಿಯೇ ಎಡಗಣ್ಣನ್ನು ಮುಚ್ಚಿಕೊಂಡಿತ್ತು. ಇನ್ನೊಂದು ಕೈ ಕಲ್ಲೆತ್ತಿ ಕೂಗುವ ಮೊದಲು ಬಂಡೆಯ ಮೇಲಿಟ್ಟಿದ್ದ ತನ್ನ ಸ್ಟೀಲ್ ಟಿಫಿನ್ ಡಬ್ಬಿಗೆ ಬಡಿಯತೊಡಗಿತು.

ಡಬ್ಬಿಯ ಸದ್ದು ಕೇಳಿದರೆ ಗುಡ್ಡದಲ್ಲಿದ್ದವರೆಲ್ಲ ಬರಬೇಕು, ಅದೂ ಕಟ್ಟಳೆಯೇ. ಆಚೆ ಇಳಿಜಾರಿನಲ್ಲಿ ಹಣ್ಣು ಕೀಳುತ್ತಿದ್ದ ಚಂದ್ರಕ್ಕ ತನ್ನ ಹೆಂಗಸರ ದಂಡು ಕಟ್ಟಿಕೊಂಡು, ಉಡಿಯಲ್ಲಿ ಕಲ್ಲು ತುಂಬಿಕೊಂಡು ಓಡಿಬಂದಳು.

"ಓಗೊಟ್ಟರೇನಪ್ಪ?"

"ಇಲ್ಲಕ್ಕ."

ಉಡಿಯ ಕಲ್ಲುಗಳು ಪೊದೆಯತ್ತ ಹಾರಿದವು. ಗುರುಗುಟ್ಟುವಿಕೆ ನಿಂತು ಪೊದೆ ಕಿರುಚಿತು.

"ಅಯ್ಯಯ್ಯೋ, ನಾನು ಕಣ್ರಕ್ಕಾ, ಮಾರುತೇಶ."

"ಮಾತಾಡ್ತೈತೆ ಕಣ್ರೇ," ಅಂದಳು ಚಂದ್ರಕ್ಕ. "ಬಲು ಕಿಲಾಡಿ. ನಿಲ್ಲಿಸಬ್ಯಾಡ್ರಿ."

ಇನ್ನೊಂದು ಸುತ್ತು ಕಲ್ಲು ಬಿದ್ದ ಮೇಲೆ ಮಾರುತೇಶ ಕ್ಯಾಮೆರಾ ಬ್ಯಾಗನ್ನು ತಲೆಗೆ ಹೊದ್ದು ತೆವಳುತ್ತ ಹೊರಬಂದ. ಹಣೆಯ ಮೇಲೆ ನಿಂಬೆಗಾತ್ರದ ಬುಗುಟು.

"ಒಳಗಿದ್ದೋನು ಓಗೊಡಬೇಕಂತ ಗೊತ್ತಿಲ್ವೇನಲೇ?"

"ನಮ್ಮೂರಾಗೆ ಗುಡ್ಡ ಎಲ್ಲೈತಕ್ಕ? ಬರೀ ತಮಾಷೆಗೆ ಕುಂತಿದ್ದೆ."

ಲಕ್ಷ್ಮೀಕಾಂತ ಕಣ್ಣಿನ ಮೇಲಿಂದ ಕೈ ತೆಗೆದ. ಬೈಯಲು ಬಾಯಿ ತೆರೆದರೆ ಹಲ್ಲು ಕಟಕಟ ಅಂದವು.

ಹೆಂಗಸರು ಕಿಸಕ್ಕೆನ್ನುತ್ತಿರುವಾಗ ಚಂದ್ರಕ್ಕ ಕಲ್ಲೇಟಿಗೆ ಉದುರಿದ ಹಣ್ಣು ಆರಿಸಲು ಪೊದೆಯೊಳಗೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

"ಲೇ ಮಾರುತೇಶ, ಇದನ್ನೂ ನೀನೇ ಮಾಡಿದ್ಯಾ?"

ಅವನು ಕೂತಿದ್ದ ಜಾಗದಿಂದ ಒಂದು ಗೇಣಿನಾಚೆ ಕಪ್ಪು ಹಿಕ್ಕೆಯ ಗುಡ್ಡೆ. ಅದರೊಳಗೆ ಸೀತಾಫಲದ ಬೀಜಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಇನ್ನೂ ಸಣ್ಣಗೆ ಹಬೆಯಾಡುತ್ತಿತ್ತು.

ಮಾರುತೇಶ ಅದನ್ನು ನೋಡಿದ, ತನ್ನ ಪ್ಯಾಂಟು ನೋಡಿಕೊಂಡ. ಎಲ್ಲ ದನಿಗಳೂ ಬರುತ್ತಿದ್ದವನಿಗೆ ತನ್ನ ದನಿಯೇ ಬರಲಿಲ್ಲ. ಸುಷ್ಮಿತಾ ನಕ್ಷೆ ಬಿಡಿಸಿ, ಆ ಹಸಿರು ಗೆರೆಯ ಮೇಲೆ ಉದ್ದಕ್ಕೂ ಗೀಚು ಹಾಕಿದಳು.

"ಸಹಿ ಬೇಡ ಲಕ್ಷ್ಮೀಕಾಂತ್. ಕೆರೆ ಏರಿ ಮೇಲೆ ದಾರಿ ಮಾಡೋಣ."

ಆಗ ಬಂಡೆಯ ಹಿಂದೆ, ತೀರ ಮೇಲೇನಲ್ಲ, ಒಂದು ಕೊಂಬೆ ಮುರಿಯಿತು.

"ಓಡಬ್ಯಾಡ್ರಿ," ಚಂದ್ರಕ್ಕನ ದನಿ ತಗ್ಗಿತು. "ಜನ ಬಾಳ ಅದೀವಿ ಅಂತ ಗೊತ್ತಾಗಬೇಕು. ಗದ್ದಲ ಮಾಡ್ಕಂತ ಇಳಿಯಾಣ. ಯಾರಾದ್ರೂ ಶುರು ಮಾಡ್ರಿ."

ಲಕ್ಷ್ಮೀಕಾಂತ ಮಾರುತೇಶನ ಮುಖ ನೋಡಿದ. ಆ ಬುಗುಟು, ಆ ಬಿಟ್ಟ ಬಾಯಿ, ಆಚೀಚೆ ಹೊರಳುವ ಆ ಕಣ್ಣುಗಳು. ನಿನ್ನೆ ಟೀ ಚೆಲ್ಲಿಕೊಂಡಾಗ ತನ್ನ ಮುಖವೂ ಹೀಗೇ ಇತ್ತೇನೋ.

ಅವನ ಬಾಯಿಂದ ಮೊದಲು ಬಂದದ್ದು ಬಿಕ್ಕಳಿಕೆಯಂಥ ಒಂದು ನಗೆ. ಆಮೇಲೆ ಗುಡ್ಡಕ್ಕೆ ಬಡಿದು ತಿರುಗಿ ಬರುವಂಥ ನಗೆ. ಹೆಂಗಸರು ಸೇರಿಕೊಂಡರು, ಸುಷ್ಮಿತಾ ಸೇರಿಕೊಂಡಳು, ಮಾರುತೇಶನೂ ಅಳುತ್ತಲೇ ನಕ್ಕ. ಒಬ್ಬರ ಸೆರಗು ಒಬ್ಬರು ಹಿಡಿದು, ಹಿಂದೆ ತಿರುಗಿ ನೋಡದೆ, ನಗುತ್ತ ನಗುತ್ತ ಇಳಿದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಲಕ್ಷ್ಮೀಕಾಂತ. ಕೆಳಗಿನ ಡಾಂಬರು ರಸ್ತೆ ಕಾಲಿಗೆ ತಾಗುವವರೆಗೂ ಅವನು ಆ ನಗು ನಿಲ್ಲಿಸಲಿಲ್ಲ. ನಿಲ್ಲಿಸುವ ಧೈರ್ಯ ಅವನಿಗಿರಲಿಲ್ಲ.