ಮೂರು ಸಲ ‘ಹೂಂ’

ನಾನು ಒಂದು ಕ್ರೆಡಿಟ್ ಕಾರ್ಡು. ಈಗ ಅರ್ಧ ಕಾರ್ಡು ಅಂದರೆ ಸರಿ. ಉಳಿದರ್ಧ ಎಲ್ಲಿದೆಯೋ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ. ಬೆಟಗೇರಿಯ ಒಂದು ಖಾನಾವಳಿಯಲ್ಲಿ ರೊಟ್ಟಿಗೆ ನಾದುವ ಪರಾತಕ್ಕೆ ಅಂಟಿದ ಜೋಳದ ಹಿಟ್ಟು ಕೆರೆಯುವುದು ಸದ್ಯಕ್ಕೆ ನನ್ನ ಕೆಲಸ. ಹುಟ್ಟಿದ್ದು ಮಾತ್ರ ಇಂಥ ಕೆಲಸಕ್ಕಲ್ಲ.

ಎಲ್ಲೋ ದೂರದ ತಣ್ಣನೆಯ ಕಾರ್ಖಾನೆಯಲ್ಲಿ, ಪ್ಲಾಸ್ಟಿಕ್ ಹಾಳೆಯಿಂದ ನನ್ನನ್ನು ಕತ್ತರಿಸಿದರು. ಎದೆಗೆ ಚಿನ್ನದ ಬಣ್ಣದ ಚಿಪ್ ಕೂರಿಸಿದರು. ಮೈಮೇಲೆ ಬಸಲಿಂಗವ್ವ ಅಂತ ಹೆಸರು ಒತ್ತಿದರು. ಲಕೋಟೆಯಲ್ಲಿ ನನ್ನ ಪಕ್ಕ ನಿಯಮಗಳ ಪುಸ್ತಕವೊಂದು ಮಲಗಿತ್ತು. ಅದರ ಅಕ್ಷರಗಳು ಸಾಸಿವೆಗಿಂತ ಸಣ್ಣವು. ‘ಈ ನಿಯಮಗಳನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು’ ಎಂಬ ಕೊನೆಯ ಸಾಲು ದಾರಿಯಲ್ಲೇ ನನಗೆ ಬಾಯಿಪಾಠವಾಯಿತು. ಬಸಲಿಂಗವ್ವ ಆ ಪುಸ್ತಕವನ್ನು ಬಿಚ್ಚಲೇ ಇಲ್ಲ. ಅಲುಗಾಡುವ ಊಟದ ಮೇಜಿನ ಕಾಲಿಗೆ ಒತ್ತು ಕೊಟ್ಟಳು.

ನನ್ನನ್ನು ಅವಳಿಗೆ ಗಂಟು ಹಾಕಿದವನು ವಿನಾಯಕ, ಕಂಪನಿಯ ಏಜೆಂಟ. ಅವಳ ಖಾನಾವಳಿಯಲ್ಲೇ ಮಧ್ಯಾಹ್ನ ಉಣ್ಣುತ್ತಿದ್ದ. ಬಾಯಿ ದೊಡ್ಡದು ಮಾಡಿ, ಅವಳಿಗೆ ತಿಳಿಯುವಂತೆ ಹೇಳಿದ್ದ: “ಬಸಲಿಂಗವ್ವಾರ, ಹೆಂಗೂ ದಿನಾ ಕಿರಾಣಿ ತರ್ತೀರಿ. ಇದರಾಗ ತಂದ್ರ ನೂರಕ್ಕ ಐದು ರೂಪಾಯಿ ವಾಪಸ್ ಬರ್ತೈತ್ರಿ. ಪುಕ್ಕಟೆ!”

ಬಾಯಿ ದೊಡ್ಡದು ಮಾಡಬೇಕಿತ್ತು, ಯಾಕೆಂದರೆ ಅವಳು ಕಿವುಡಿ. ಇಪ್ಪತ್ತು ವರ್ಷ ಗಂಡನ ಪವರ್‌ಲೂಮಿನ ಪಕ್ಕ ನಿಂತು ಎರಡೂ ಕಿವಿ ಕಳೆದುಕೊಂಡವಳು. ಗಂಡ ಹೋದ, ಮಗ್ಗ ಗುಜರಿಗೆ ಹೋಯಿತು, ಕಿವಿ ಮಾತ್ರ ವಾಪಸು ಬರಲಿಲ್ಲ. ಗಿರಾಕಿಯ ತುಟಿ ನೋಡಿ ರೊಟ್ಟಿಯೋ ಅನ್ನವೋ ತಿಳಿದುಕೊಳ್ಳುತ್ತಿದ್ದಳು. ತುಟಿ ಕಾಣದಿದ್ದರೆ ಅವಳ ಬಳಿ ಇದ್ದದ್ದು ಒಂದೇ ಉಪಾಯ, ‘ಹೂಂ’ ಅನ್ನುವುದು. ಕಿವುಡಿ ಅನ್ನಿಸಿಕೊಳ್ಳುವ ನಾಚಿಕೆಗೆ ಕಲಿತ ರೂಢಿ ಅದು. ಅವಳ ಸೊಂಟದ ಸಂಚಿಯಲ್ಲಿ ಕೂತು ನಾನು ಎಷ್ಟು ಸಲ ನಕ್ಕಿದ್ದೇನೋ.

ಮೊಮ್ಮಗಳು ಚಿನ್ಮಯಿ ಮಾತು ಕಲಿತ ಮೇಲೆ ಬಸಲಿಂಗವ್ವನಿಗೆ ಹಟ ಹತ್ತಿತು. ಮಗು ಬೆನ್ನ ಹಿಂದೆ ನಿಂತು “ಆಯೀ, ಆಯೀ” ಅಂತ ಕರೆದು ಕರೆದು ಅಳುತ್ತಿತ್ತು, ಇವಳು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕಿವಿಗೆ ಮಷಿನ್ ಬೇಕು ಅಂದುಕೊಂಡಳು. ನನ್ನಿಂದ ಬರುವ ಕ್ಯಾಶ್‌ಬ್ಯಾಕನ್ನು ಅದಕ್ಕೇ ಮುಡಿಪು ಅಂದಳು. ಊರ ವೀರಭದ್ರನಿಗೆ ಮಾತು ಕೊಟ್ಟಳು. ತಿಂಗಳಿಗೊಮ್ಮೆ ನನ್ನನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚುತ್ತಿದ್ದಳು. ಪ್ಲಾಸ್ಟಿಕ್ಕಿಗೆ ವಿಭೂತಿ!

ಸೊಸೆ ಪ್ರೇಮಾ ಬುದ್ಧಿವಂತೆ. “ಅತ್ತೀ, ಬಂದಷ್ಟು ರೊಕ್ಕ ತಗದು ಒಂದ ಕಿವೀಗರ ಮಷಿನ್ ಹಾಕ್ಸೋಣ್ರಿ” ಅಂದಳು.

“ಮುಡಿಪು ಅರ್ಧಕ್ಕ ಬಿಚ್ಚತಾರೇನ? ತುಂಬಿದ ಮ್ಯಾಲೇ ಬಿಚ್ಚೂದು” ಅಂದಳು ಬಸಲಿಂಗವ್ವ.

ಹೀಗೆ ಮೂರು ವರ್ಷದ ಕ್ಯಾಶ್‌ಬ್ಯಾಕು ಕಂಪನಿಯ ಹತ್ತಿರವೇ ಬಿದ್ದಿತ್ತು. ಮುಡಿಪನ್ನು ದೇವರ ಬಳಿ ಇಟ್ಟಿದ್ದೇನೆ ಅಂತ ಅವಳ ಲೆಕ್ಕ.

ಒಂದು ಮಧ್ಯಾಹ್ನ, ಊಟದ ಗದ್ದಲದ ನಡುವೆ ಅವಳ ಮೊಬೈಲು ನಡುಗಿತು. ಹಿಟ್ಟಿನ ಕೈಯಲ್ಲೇ ಎತ್ತಿ ಕಿವಿಗಿಟ್ಟುಕೊಂಡಳು. ಅವಳಿಗೆ ಸಿಗುತ್ತಿದ್ದದ್ದು ಫೋನಿನ ಅದುರು ಮಾತ್ರ, ಅದು ನಿಂತಾಗಲೆಲ್ಲ ‘ಹೂಂ’ ಅನ್ನುತ್ತಿದ್ದಳು. ಕಂಪನಿಯ ಹುಡುಗಿ ಸವಿಸವಿಯಾಗಿ ಓದಿ ಹೇಳಿದಳು: “ಇನ್ನು ಮುಂದೆ ಕಿರಾಣಿಗೆ ಕ್ಯಾಶ್‌ಬ್ಯಾಕ್ ಇರುವುದಿಲ್ಲ. ಇಲ್ಲಿಯವರೆಗೆ ಪಡೆಯದೆ ಬಿಟ್ಟಿರುವುದು ಈ ತಿಂಗಳ ಕೊನೆಗೆ ರದ್ದಾಗುತ್ತದೆ. ಅರ್ಥವಾಯಿತೇ ಮೇಡಂ?”

“ಹೂಂ.”

“ಬದಲಾದ ನಿಯಮಗಳಿಗೆ ಒಪ್ಪಿಗೆಯೇ?”

“ಹೂಂ.”

“ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ?”

“ಹೂಂ.”

ಯಾರ ಫೋನು ಅಂತ ಪ್ರೇಮಾ ಸನ್ನೆಯಲ್ಲೇ ಕೇಳಿದಳು. “ಗ್ಯಾಸಿನವ್ರು” ಅಂದಳು ಬಸಲಿಂಗವ್ವ. ಸಂಚಿಯೊಳಗಿಂದ ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ನನಗೆ ಬಾಯಿಲ್ಲ. ಇದ್ದಿದ್ದರೂ ಬಿಚ್ಚುತ್ತಿರಲಿಲ್ಲ, ನಾನು ಕಂಪನಿಯ ಕೂಸು.

ಎರಡು ತಿಂಗಳ ನಂತರ ಮುಡಿಪು ತುಂಬಿತು ಅಂತ ಲೆಕ್ಕ ಹಾಕಿ, ಅತ್ತೆ ಸೊಸೆ ಇಬ್ಬರೂ ಹೊಸ ಸೀರೆ ಉಟ್ಟು ಕಿವಿ ಮಷಿನ್ ಅಂಗಡಿಗೆ ಹೋದರು. ಅಲ್ಲಿ ಕೂತು ಪ್ರೇಮಾ ಮೊಬೈಲು ನೋಡಿದಳು. ಕ್ಯಾಶ್‌ಬ್ಯಾಕ್ ಸೊನ್ನೆ. ಬಸಲಿಂಗವ್ವ ಸೊಸೆಯ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಅಳತೆಗೆಂದು ಕಿವಿಗೆ ಹಾಕಿದ್ದ ಮಷಿನನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು.

ಅಂದಿನಿಂದ ಕಂಪನಿಯ ಜೊತೆ ಜಗಳ ಶುರುವಾಯಿತು. ಪ್ರೇಮಾ ಫೋನು ಮಾಡಿದರೆ, ಕಾರ್ಡು ಯಾರದೋ ಅವರೇ ಮಾತನಾಡಬೇಕು ಅಂದರು.

“ಅವರಿಗೆ ಕಿವಿ ಕೇಳಂಗಿಲ್ರಿ. ಅದಕ್ಕಂತಾನ ಆ ರೊಕ್ಕ ಇಟ್ಟಿದ್ರು!”

“ಕ್ಷಮಿಸಿ ಮೇಡಂ, ಭದ್ರತೆಯ ನಿಯಮ.”

ಪ್ರೇಮಾ ಸ್ಪೀಕರ್ ಹಾಕಿ ಅತ್ತೆಯ ಎದುರು ಕೂತಳು. ಅತ್ತ ಕೇಳಿದ್ದನ್ನೆಲ್ಲ ಇತ್ತ ಸದ್ದಿಲ್ಲದೆ ತುಟಿಯಲ್ಲಾಡಿಸಿ ಹೇಳಿದಳು. ಹೆಸರು ಸರಿಯಾಯಿತು, ಹುಟ್ಟಿದ ತಾರೀಖು ಸರಿಯಾಯಿತು. “ನನ್ನ ಮುಡಿಪು ನನಗ ಕೊಡ್ರಿ” ಅಂತ ಬಸಲಿಂಗವ್ವ ಗಂಟಲು ಹರಿಯುವಂತೆ ಕೂಗಿದಳು. ಅಷ್ಟರಲ್ಲಿ ಒಳಗೆ ಚಿನ್ಮಯಿ ಸಾರಿನ ಪಾತ್ರೆ ಕೆಡವಿದ ಸದ್ದಾಯಿತು. ಪ್ರೇಮಾ ಒಂದು ಗಳಿಗೆ ಅತ್ತ ತಿರುಗಿದಳು.

“ಹಾಗಾದರೆ ಈ ದೂರನ್ನು ಮುಕ್ತಾಯ ಮಾಡಬಹುದೇ ಮೇಡಂ?”

ಕೈಯಲ್ಲಿದ್ದ ಫೋನು ಅದುರಿ ನಿಂತಿತು. ಮುಖವಿಲ್ಲದ ಆ ಮಾತಿಗೆ ಬಸಲಿಂಗವ್ವ ರೂಢಿಯಂತೆ “ಹೂಂ” ಅಂದಳು.

ಆಮೇಲೆ ಪ್ರೇಮಾ ಡಾಕ್ಟರ ಸರ್ಟಿಫಿಕೇಟು ಇಟ್ಟು ಎರಡು ಪುಟ ಪತ್ರ ಬರೆದಳು. ತಿಂಗಳಾದ ಮೇಲೆ ಉತ್ತರ ಬಂತು. ‘ಬದಲಾವಣೆಯನ್ನು ಫೋನಿನಲ್ಲಿ ವಿವರಿಸಲಾಗಿದೆ. ಗ್ರಾಹಕರು ಮೂರು ಸಲ ಹೂಂ ಎಂದಿರುವ ಧ್ವನಿಮುದ್ರಣ ನಮ್ಮಲ್ಲಿದೆ. ದೂರನ್ನು ಅವರ ಒಪ್ಪಿಗೆಯಿಂದಲೇ ಮುಚ್ಚಲಾಗಿದೆ. ಆದರೂ ವಿಶ್ವಾಸದ ಕುರುಹಾಗಿ ಒಂದು ಕಿರುಕಾಣಿಕೆ ಕಳುಹಿಸುತ್ತಿದ್ದೇವೆ.’

ಪ್ರೇಮಾ ಅಂದೇ ಕತ್ತರಿ ತಂದು ನನ್ನನ್ನು ಎರಡು ತುಂಡು ಮಾಡಿದಳು. ಮೂರು ವರ್ಷ ನಿಷ್ಠೆಯಿಂದ ದುಡಿದ ನನಗೆ ಕಂಪನಿ ಒಂದು ಮಾತೂ ಹೇಳಲಿಲ್ಲ. ನನ್ನ ಅವಧಿ ಮುಗಿಯಿತೆಂದು ಮರುವಾರವೇ ನನ್ನದೇ ನಂಬರಿನ ಇನ್ನೊಬ್ಬನನ್ನು ಲಕೋಟೆಯಲ್ಲಿ ಕಳಿಸಿತು. ಆಗ ಮೊದಲ ಬಾರಿಗೆ ನನಗೆ ಉರಿಯಿತು. ‘ಯಾವಾಗ ಬೇಕಾದರೂ ಬದಲಿಸಬಹುದು’ ಎಂಬ ಆ ಕೊನೆಯ ಸಾಲಿನಲ್ಲಿ ನಾನೂ ಸೇರಿದ್ದೆ ಅಂತ ಹೊಳೆದದ್ದು ಪರಾತದ ಅಂಚಿಗೆ ಬಂದ ಮೇಲೆ.

ಕಾಣಿಕೆ ಬಂದದ್ದು ನಿನ್ನೆ, ಪುಟ್ಟ ಬಿಳಿ ಡಬ್ಬಿಯಲ್ಲಿ. ಬಿಚ್ಚಿದರೆ ಕಿವಿಗಿಡುವ ಎರಡು ಬಿಳಿ ಗುಂಡಿಗಳು, ಹಾಡು ಕೇಳುವಂಥವು. ಪ್ರೇಮಾ ಕೈಗೆತ್ತಿಕೊಳ್ಳುವ ಮೊದಲೇ ಬಸಲಿಂಗವ್ವ ಕೈ ಒರೆಸಿಕೊಂಡು ಓಡಿ ಬಂದಳು. “ಕೊಟ್ರ ನೋಡು! ಎರಡೂ ಕೊಟ್ಟಾರ!” ಅಂದಳು. ವೀರಭದ್ರನ ಗುಡಿಯ ಕಡೆ ಕೈ ಮುಗಿದು, ಎರಡನ್ನೂ ಕಿವಿಗೆ ಒತ್ತಿಕೊಂಡು, ಬೇಕೆಂದೇ ಬೆನ್ನು ತಿರುಗಿಸಿ ನಿಂತಳು.

ಮಗು ಹಿಂದಿನಿಂದ “ಆಯೀ, ಆಯೀ” ಅಂತ ಕರೆಯಿತು. ಎರಡು ಸಲ, ಮೂರು ಸಲ. ಬಸಲಿಂಗವ್ವ ಅಲುಗಾಡದೆ ಕಾದಳು. ಕೊನೆಗೆ ಪ್ರೇಮಾ ಅವಳ ಮುಂದೆ ಬಂದು, ಕಣ್ಣೊರೆಸಿಕೊಳ್ಳುತ್ತ ತುಟಿಯಲ್ಲಾಡಿಸಿದಳು: “ಕೇಳಸ್ತೈತೇನ್ರೀ, ಅತ್ತೀ?”

ಬಸಲಿಂಗವ್ವ ಸೊಸೆಯ ಒದ್ದೆ ಕಣ್ಣನ್ನು ನೋಡಿದಳು.

“ಹೂಂ” ಅಂದಳು.